ಅಮ್ಮ ಕಳಿಸಿದ ಸ್ವೆಟರ್

ಹಿಂದೆ ಸರ್ಕಸ್ಸಿನಲ್ಲಿ ಒಂದು ಆಟ ಇತ್ತು. ಜನರ ನಡುವಿನಿಂದ ಒಬ್ಬ ಕುಡುಕ ಹಳ್ಳಿಗ ಎದ್ದು ಬರುತ್ತಾನೆ, ನಾನೂ ಕುದುರೆ ಹತ್ತಬೇಕು ಅಂತ ಗಲಾಟೆ ಮಾಡುತ್ತಾನೆ. ಸರಿ, ಹತ್ತಿಸುತ್ತಾರೆ. ಆ ಕಡೆ ಜೋತು, ಈ ಕಡೆ ವಾಲಿ, ಇನ್ನೇನು ಬಿದ್ದೇಬಿಟ್ಟ ಅನ್ನುವಾಗ ಆಸಾಮಿ ಓಡುವ ಕುದುರೆಯ ಬೆನ್ನ ಮೇಲೆ ನೆಟ್ಟಗೆ ನಿಂತು ಕೋಟು ಕಿತ್ತೆಸೆಯುತ್ತಾನೆ. ಒಳಗೆ ಇನ್ನೊಂದು ಕೋಟು. ಅದರೊಳಗೆ ವೇಸ್ಟ್‌ಕೋಟು, ಅದರೊಳಗೆ ಮತ್ತೊಂದು. ಈರುಳ್ಳಿ ಸುಲಿದ ಹಾಗೆ ಎಲ್ಲ ಕಳಚಿದ ಮೇಲೆ ಉಳಿಯುವುದು ಮೈಗಂಟಿದ ಚಮಕಿ ಉಡುಪಿನ ಪಳಗಿದ ಸವಾರ. ಆಮೇಲೆ ಆ ಬಟ್ಟೆಯನ್ನೆಲ್ಲ ನೆಲದಿಂದ ಆರಿಸಿ, ಧೂಳು ಕೊಡವಿ, ಮಾರನೇ ದಿನಕ್ಕೆ ಒಣಗಿಸುತ್ತಿದ್ದವರು ಯಾರು ಅಂತ ನನಗೆ ಸದಾ ಕುತೂಹಲ.

ಹಳೇ ಕಾಲದ ಐರಿಷ್ ಕಲಾವಿದರ ವೇಷಗಳನ್ನು ನೋಡಿದರೆ ಈ ಆಟ ನೆನಪಾಗುತ್ತದೆ. ಆದರೆ ಅವರಿಗೆ ಆದದ್ದು ಇದರ ಉಲ್ಟಾ. ದಿನಾ ಹಾಕಿಕೊಳ್ಳುವ ಕೋಟೇ ವೇಷವಾಗಿ ಮೈಗೆ ಅಂಟಿಕೊಂಡಿತು.

ಹಿಂದೆ ಬಾಲದ ಹಾಗೆ ಇಳಿಬಿದ್ದ ಕೋಟು, ಮಂಡಿವರೆಗಿನ ಚಡ್ಡಿ, ಉದ್ದ ಕಾಲುಚೀಲ, ಎತ್ತರದ ಟೋಪಿ. 19ನೇ ಶತಮಾನದ ಮೊದಲ ಭಾಗದಲ್ಲಿ ಐರ್ಲೆಂಡಿನ ಬಡ ರೈತರು ನಿಜವಾಗಿಯೂ ಇವನ್ನು ಹಾಕಿಕೊಳ್ಳುತ್ತಿದ್ದರು, ಬಹಳ ಸಲ ಸೆಕೆಂಡ್ ಹ್ಯಾಂಡ್ ಕೊಂಡು, ಯಾರೋ ಸಾಹುಕಾರ ಹಾಕಿ ಬಿಟ್ಟದ್ದನ್ನು. ಕಾಲ ಬದಲಾಯಿತು, ರೈತರು ಬೇರೆ ಬಟ್ಟೆಗೆ ಹೋದರು. ಹಾಡು, ಹಾಸ್ಯದ ಆಟ ನಡೆಯುವ ಮ್ಯೂಸಿಕ್ ಹಾಲ್‌ಗಳು ಮಾತ್ರ ಬಿಡಲಿಲ್ಲ. ಕೋಟಿಗೆ ಗಾಢ ಹಸಿರು ಬಳಿದರು, ಟೋಪಿಯನ್ನು ನಜ್ಜುಗುಜ್ಜು ಮಾಡಿ ಅದರ ಪಟ್ಟಿಗೆ ತಂಬಾಕು ಸೇದುವ ಮಣ್ಣಿನ ಪೈಪು ಸಿಕ್ಕಿಸಿದರು, ಕೈಗೊಂದು ದೊಣ್ಣೆ ಕೊಟ್ಟರು. ನೋಡಿದ ತಕ್ಷಣ ಲಂಡನ್ನಿನ ಜನ ಬಿದ್ದು ಬಿದ್ದು ನಗಬೇಕು, ಅಷ್ಟೇ ಲೆಕ್ಕ. ಹೊಟ್ಟೆಪಾಡಿಗೆ ಐರಿಷ್ ನಟರೂ ಅದನ್ನೇ ಹಾಕಿ ಕುಣಿದರು. ಅಜ್ಜನ ಕೋಟು ಹಾಕಿಕೊಂಡು ಅಜ್ಜನನ್ನೇ ಆಡಿಕೊಳ್ಳುವುದು ಅಂದ್ರೆ ಇದೇ ಅಲ್ವಾ?

ಸರ್ಕಸ್ಸಿನ ಬಟ್ಟೆಯ ಕಥೆ ಬೇರೆ, ಅದು ಬಂದದ್ದು ಮಿಲಿಟರಿಯಿಂದ. ಕುದುರೆ ಸರ್ಕಸ್ಸಿಗೆ ಅಡಿಪಾಯ ಹಾಕಿದ ಫಿಲಿಪ್ ಆಸ್ಟ್ಲಿ ಅಶ್ವದಳದ ಸಾರ್ಜೆಂಟ್ ಮೇಜರ್ ಆಗಿದ್ದವನು. 1789ರಲ್ಲಿ ಡಬ್ಲಿನ್‌ನ ಪೀಟರ್ ಸ್ಟ್ರೀಟಿನಲ್ಲೂ ತನ್ನ ಆಟದ ಮನೆ ತೆರೆದ. ಬ್ಯಾಂಡಿನವರ ಎದೆಯ ಮೇಲಿನ ಸಾಲು ಸಾಲು ಜರಿ ಹುರಿ ಬಂದದ್ದು ಸೈನಿಕರ ಕೋಟುಗಳಿಂದ. ಯುದ್ಧಕ್ಕೆ ಹೊಲಿದದ್ದನ್ನು ಹಾಕಿಕೊಂಡು ಪೀಪಿ ಊದುವುದು ನನಗಂತೂ ಒಳ್ಳೆಯದೇ ಅನ್ನಿಸುತ್ತದೆ.

ಆದರೆ ವೇಷ ಯಾವಾಗಲೂ ನಗಿಸುವುದಿಲ್ಲ. ಕ್ಲೇರ್ ಜಿಲ್ಲೆಯ ಜಾನಿ ಪ್ಯಾಟರ್ಸನ್ ಅಂತ ಒಬ್ಬ ಹಾಡುವ ಕ್ಲೌನ್ ಇದ್ದ. ಸೈನ್ಯದಲ್ಲಿದ್ದವನು, ಸರ್ಕಸ್ ಸೇರಿದ, ಅಮೆರಿಕದವರೆಗೂ ಹೆಸರು ಮಾಡಿದ. 1889ರಲ್ಲಿ ಟ್ರಲೀ ಊರಿನಲ್ಲಿ ಅವನ ಸರ್ಕಸ್. ಆಗ ಇಂಗ್ಲೆಂಡಿನ ಆಳ್ವಿಕೆಯಲ್ಲಿದ್ದ ಐರ್ಲೆಂಡಿನ ರಾಜಕೀಯ ಕುದಿಯುತ್ತಿತ್ತು. ಇವನು ಇಬ್ಬರು ಕ್ಲೌನ್‌ಗಳ ಒಂದು ಹಾಡು ಕಟ್ಟಿದ್ದ. ಒಬ್ಬನಿಗೆ ಐರ್ಲೆಂಡಿನ ಹಾರ್ಪ್ ಅನ್ನುವ ತಂತಿವಾದ್ಯದ ಗುರುತು, ಇನ್ನೊಬ್ಬನಿಗೆ ಇಂಗ್ಲೆಂಡಿನ ಕಿರೀಟದ ಗುರುತು. ಇಬ್ಬರೂ ಕೈ ಕುಲುಕಿ ಒಂದಾಗೋಣ ಅನ್ನಬೇಕು. ಜನರಿಗೆ ಆ ಹಾಡು ಹಿಡಿಸಲಿಲ್ಲ, ದೊಂಬಿಯಾಯಿತು, ಏಟು ತಿಂದ ಪ್ಯಾಟರ್ಸನ್ ಕೆಲವೇ ದಿನಗಳಲ್ಲಿ ಸತ್ತ. ಕ್ಲೌನ್ ಬಟ್ಟೆಯಲ್ಲಿ ಏನು ಹೇಳಿದರೂ ನಡೆಯುತ್ತದೆ ಅಂದುಕೊಂಡಿದ್ದನೋ ಏನೋ.

ನನಗೆ ಇಷ್ಟವಾದ ವೇಷ ಮಾತ್ರ ಸ್ವೆಟರು. ಐರ್ಲೆಂಡಿನ ಕ್ಯಾರಿಕ್-ಆನ್-ಶೂರ್ ಊರಿನ ಕ್ಲಾನ್ಸಿ ಅಣ್ಣತಮ್ಮಂದಿರು ಗೆಳೆಯ ಟಾಮಿ ಮೇಕಂ ಜೊತೆ ನ್ಯೂಯಾರ್ಕಿನಲ್ಲಿ ಹಾಡುತ್ತಿದ್ದರು. ಅಲ್ಲಿ ಭಾರೀ ಚಳಿ ಅಂತ ಕೇಳಿ ಅಮ್ಮ ಐರ್ಲೆಂಡಿನ ಅರಾನ್ ದ್ವೀಪಗಳ ಥರದ ಸ್ವೆಟರುಗಳನ್ನು ಕಳಿಸಿದಳು, ದಪ್ಪ ಬಿಳಿ ಉಣ್ಣೆಯವು. ಅಮ್ಮಂದಿರು ಎಲ್ಲ ಕಡೆ ಒಂದೇ, ನಮ್ಮಲ್ಲಿ ಜೊತೆಗೆ ಒಂದು ಮಂಕಿ ಕ್ಯಾಪೂ ಇರುತ್ತಿತ್ತು. ಆ ಸ್ವೆಟರುಗಳನ್ನು ಕಂಡ ಅವರ ಮ್ಯಾನೇಜರ್, ಇದೇ ನಿಮ್ಮ ಡ್ರೆಸ್ಸು ಅಂದುಬಿಟ್ಟ. 1961ರ ಮಾರ್ಚಿನಲ್ಲಿ ಅಮೆರಿಕದ ಜನಪ್ರಿಯ ಎಡ್ ಸಲಿವನ್ ಟೀವಿ ಶೋಗೆ ಅದನ್ನೇ ಹಾಕಿಕೊಂಡು ಹೋದರು. ಟೀವಿ ಆಗ ಕಪ್ಪು ಬಿಳುಪು. ಹಳೇ ಹಸಿರು ಕೋಟು ಹಾಕಿದ್ದರೆ ಸುಮ್ನೆ ಬೂದಿ ಬಣ್ಣ ಕಾಣುತ್ತಿತ್ತು. ಬಿಳಿ ಉಣ್ಣೆಯ ಜಡೆ ಹೆಣಿಗೆ ಮಾತ್ರ ಎದ್ದು ಕಂಡಿತು. ಅಲ್ಲಿಂದ ಅಮೆರಿಕದವರೆಲ್ಲ ಅದೇ ಸ್ವೆಟರ್ ಬೇಕು ಅಂದರು, ಅರಾನ್ ದ್ವೀಪಗಳಲ್ಲಿ ಎಷ್ಟು ಹೆಣೆದರೂ ಸಾಲದಾಯಿತು.

ಜೊತೆಗೆ ಕಥೆಯೂ ಬೆಳೆಯಿತು. ಮನೆಮನೆಗೂ ಒಂದು ಹೆಣಿಗೆ ಇತ್ತಂತೆ, ಸಮುದ್ರದಲ್ಲಿ ಮುಳುಗಿದ ಬೆಸ್ತರ ಹೆಣವನ್ನು ಅದರಿಂದ ಗುರುತು ಹಿಡಿಯುತ್ತಿದ್ದರಂತೆ. ಇದಕ್ಕೆ ಬೀಜ 1904ರ ಒಂದು ನಾಟಕ. ಅದರಲ್ಲಿ ತಂಗಿಯೊಬ್ಬಳು ಸತ್ತ ಅಣ್ಣನನ್ನು ಗುರುತಿಸುವುದು ಕಾಲುಚೀಲದಿಂದ, ತಾನು ಹೆಣೆಯುವಾಗ ಬಿಟ್ಟುಹೋಗಿದ್ದ ನಾಲ್ಕು ಹೊಲಿಗೆಗಳಿಂದ. ಕಾಲುಚೀಲ ಯಾವಾಗ ಸ್ವೆಟರ್ ಆಯಿತೋ ದೇವರೇ ಬಲ್ಲ. ಮನೆತನದ ಹೆಣಿಗೆಗಿಂತ ಆ ಬಿಟ್ಟುಹೋದ ನಾಲ್ಕು ಹೊಲಿಗೆ ನನಗೆ ಜಾಸ್ತಿ ತಟ್ಟುತ್ತದೆ.

ತಮಾಷೆ ಏನಂದ್ರೆ, ಕ್ಲಾನ್ಸಿ ಅಣ್ಣತಮ್ಮಂದಿರು ನ್ಯೂಯಾರ್ಕಿನಲ್ಲಿ ಹಳ್ಳಿ ಉಣ್ಣೆ ತೊಟ್ಟು ಹಾಡುತ್ತಿದ್ದಾಗ ಐರ್ಲೆಂಡಿನ ಹಳ್ಳಿಗಳಲ್ಲಿ ಡ್ಯಾನ್ಸಿಗೆ ಬಾರಿಸುವ ಶೋಬ್ಯಾಂಡ್‌ಗಳ ಕಾಲ. ಸ್ಟ್ರಬೇನ್ ಊರಿನ ಕ್ಲಿಪ್ಪರ್ ಕಾರ್ಲ್‌ಟನ್ ಬ್ಯಾಂಡಿನವರು ಕುರ್ಚಿ, ಕರಿ ಸೂಟು ಎರಡನ್ನೂ ಬಿಟ್ಟು, ಬಣ್ಣದ ಸೂಟು ಹಾಕಿ ನಿಂತುಕೊಂಡೇ ಬಾರಿಸಿದರು. ಉಳಿದವರು ಹಿಂದೆಯೇ ಬಂದರು. ಎಲ್ಲರಿಗೂ ಒಂದೇ ಥರದ ಸೂಟು, ಹಾಡುವುದು ಅಮೆರಿಕದ ಹಾಡು. ಹೊಲದ ಪಕ್ಕದ ಡ್ಯಾನ್ಸ್ ಹಾಲಿಗೆ ಸೈಕಲ್ ತುಳಿದು ಬಂದ ಹುಡುಗ ಹುಡುಗಿಯರಿಗೆ ಅದೇ ಬೇಕಿತ್ತು. ಅವರ ಮನೆಯ ಗೂಟದಲ್ಲಿ ಸ್ವೆಟರ್ ಹೇಗೂ ನೇತಾಡುತ್ತಿತ್ತು.