ಹಸಿರು ಆಲೂಗಡ್ಡೆ ಅಗ್ಗಕ್ಕೆ ಸಿಕ್ಕರೂ ಬೇಡ

ಮಡಿಕೇರಿಯ ಶುಕ್ರವಾರದ ಸಂತೆಯಲ್ಲಿ ಹಸಿರು ತಿರುಗಿದ ಆಲೂಗಡ್ಡೆಯನ್ನು ಬೇರೆ ಗುಡ್ಡೆ ಹಾಕಿ ಕಡಿಮೆ ಬೆಲೆಗೆ ಮಾರುವುದನ್ನು ನೋಡುತ್ತಲೇ ಇದ್ದೇನೆ. ಕೊಳ್ಳುವವರು ಹೆಚ್ಚಾಗಿ ತೋಟದ ಲೈನ್ ಮನೆಯವರು, ಅಂದರೆ ಕೂಲಿಕಾರರ ಸಾಲುಮನೆಗಳಲ್ಲಿ ಇರುವವರು. ವಾರದ ಕೂಲಿಯಲ್ಲೇ ಎಲ್ಲಾ ಆಗಬೇಕು, ಅಗ್ಗಕ್ಕೆ ಸಿಕ್ಕಿದ್ದನ್ನು ಬಿಡೋದು ಹೇಗೆ? ಆದರೆ ಅದು ಮಾರಬಾರದ ಮಾಲು.

ಹಸಿರು ಬಣ್ಣವೇ ವಿಷವಲ್ಲ. ಅದು ಸೊಪ್ಪಿನಲ್ಲಿರುವ ಕ್ಲೋರೋಫಿಲ್ಲೇ. ಆದರೆ ಬೆಳಕು ಬಿದ್ದ ಗಡ್ಡೆಯಲ್ಲಿ ಸೊಲನಿನ್, ಚಾಕೊನಿನ್ ಎಂಬ ಕಹಿ ವಿಷಗಳೂ ಜಾಸ್ತಿಯಾಗುತ್ತವೆ. ಅವು ಕಣ್ಣಿಗೆ ಕಾಣುವುದಿಲ್ಲ. ಮಳೆಗಾಲದಲ್ಲಿ ನಮ್ಮಲ್ಲಿ ಬಿಸಿಲೆಲ್ಲಿದೆ ಅನ್ನಬೇಡಿ, ಅಂಗಡಿಯ ಟ್ಯೂಬ್‌ಲೈಟ್ ಸಾಕು.

'ಚೆನ್ನಾಗಿ ಬೇಯಿಸಿದರೆ ಹೋಗುತ್ತೆ' ಅನ್ನುವ ಮಾತು ಇನ್ನೂ ಅಪಾಯದ್ದು. ಕುದಿಯುವ ನೀರಿನ ಬಿಸಿಗೆ ಈ ವಿಷ ಒಡೆಯುವುದಿಲ್ಲ. ಕುಕ್ಕರಿನಲ್ಲಿ ಎಷ್ಟು ಸೀಟಿ ಹೊಡೆಸಿದರೂ ಅಷ್ಟೇ. ಕರಿದರೂ ಪೂರ್ತಿ ಹೋಗುವುದಿಲ್ಲ. 1969ರಲ್ಲಿ ಲಂಡನ್ನಿನ ಒಂದು ಶಾಲೆಯಲ್ಲಿ ಮಧ್ಯಾಹ್ನದ ಊಟದ ಆಲೂಗಡ್ಡೆ ತಿಂದು 78 ಹುಡುಗರಿಗೆ ವಾಂತಿ, ಭೇದಿ ಶುರುವಾಯಿತು. 17 ಮಂದಿಯನ್ನು ಆಸ್ಪತ್ರೆಗೆ ಸೇರಿಸಬೇಕಾಯಿತು. ಎಲ್ಲರೂ ಚೇತರಿಸಿಕೊಂಡರು ಅನ್ನುವುದೇ ಸಮಾಧಾನ.

ನನಗೆ ಜಾಸ್ತಿ ಚಿಂತೆ ಮಕ್ಕಳದ್ದೇ. ಈ ವಿಷ ದೇಹದ ತೂಕದ ಪ್ರತಿ ಕಿಲೋಗೆ 1 ಮಿಲಿಗ್ರಾಂನಷ್ಟು ಸೇರಿದರೂ ಹೊಟ್ಟೆ ಕೆಡಬಹುದು. ಒಂದು ಕಿಲೋ ಗಡ್ಡೆಯಲ್ಲಿ 200 ಮಿಲಿಗ್ರಾಂ ಮೀರಬಾರದು ಅನ್ನುವುದು ಸಾಮಾನ್ಯವಾಗಿ ಒಪ್ಪಿದ ಮಿತಿ. ಈಗ ಲೆಕ್ಕ ಹಾಕಿ. ಆ ಮಿತಿ ಮುಟ್ಟಿದ ಗಡ್ಡೆ 75 ಗ್ರಾಂ ತಿಂದರೆ 15 ಕಿಲೋ ತೂಗುವ ಮಗುವಿಗೆ ಅಷ್ಟಾಗಿಬಿಡುತ್ತದೆ. ಒಂದು ಸಣ್ಣ ಗಡ್ಡೆ, ಅಷ್ಟೇ ಅಲ್ವಾ? ಹಸಿರಾದ ಗಡ್ಡೆಯಲ್ಲಿ ಇದು ಮಿತಿಯನ್ನೂ ದಾಟಿರಬಹುದು.

ಹಾಗಂತ ಒಂದು ಚುಕ್ಕೆ ಕಂಡ ಕೂಡಲೇ ಎಸೆಯಬೇಕಿಲ್ಲ. ವಿಷ ಹೆಚ್ಚಾಗಿ ಇರುವುದು ಸಿಪ್ಪೆ, ಮೊಳಕೆ, ಕಣ್ಣುಗಳಲ್ಲಿ. ಅಲ್ಲಿ ದಪ್ಪಗೆ ಕೆತ್ತಿ ತೆಗೆಯಿರಿ. ಸುತ್ತಲೂ ಹಸಿರಾಗಿದ್ದರೆ, ತಿಂದಾಗ ಕಹಿ ಅನ್ನಿಸಿದರೆ ಬಿಟ್ಟುಬಿಡಿ. ಸುಮ್ನೆ ಹಾಳಾಗುತ್ತಲ್ಲಾ ಅಂತ ದನಕ್ಕೋ ಹಂದಿಗೋ ಹಾಕಬೇಡಿ, ಅವಕ್ಕೂ ಇದು ವಿಷವೇ.

ವ್ಯಾಪಾರಿಗಳಲ್ಲಿ ನನ್ನ ಕೋರಿಕೆ ಇಷ್ಟೇ: ಮಾಲು ತಂದ ಗೋಣಿಚೀಲವನ್ನೇ ಗುಡ್ಡೆಯ ಮೇಲೆ ಮುಚ್ಚಿಡಿ, ಖರ್ಚೇನೂ ಇಲ್ಲ. ತೋಟದ ಮಾಲೀಕರು, ತೋಟದ ಲೆಕ್ಕ ನೋಡಿಕೊಳ್ಳುವ ರೈಟರುಗಳು ಲೈನ್ ಮನೆಗಳಲ್ಲಿ ಒಮ್ಮೆ ಈ ವಿಷಯ ತಿಳಿಸಿ. ಅಸ್ಸಾಂ ಕಡೆಯಿಂದ ಬಂದವರು ಬಹಳ ಇದ್ದಾರೆ, ಈ ಬರಹ ಅವರಿಗೆ ಮುಟ್ಟುವುದಿಲ್ಲ. ಒಂದು ಹಸಿರು ಗಡ್ಡೆಯನ್ನೇ ಕೈಯಲ್ಲಿ ಹಿಡಿದು ತೋರಿಸಿ ಹೇಳಿ.