ಮಂಡಿ ಆಪರೇಷನ್ ಆದವರನ್ನು ಮಲಗಿಸಬೇಡಿ

ಮಂಡಿ ಬದಲಾಯಿಸುವ ಆಪರೇಷನ್ ಮಾಡಿಸಿಕೊಂಡವರನ್ನು ನೋಡಲು ಹೋಗುವವರಲ್ಲಿ ನನ್ನದೊಂದು ಕೋರಿಕೆ. ಹಣ್ಣು ತಗೊಂಡು ಹೋಗಿ, ಹತ್ತು ನಿಮಿಷ ಕೂತು ಊರ ಸುದ್ದಿ ಹೇಳಿ, ನಗಿಸಿ. ಆದರೆ "ಪಾಪ, ಎಷ್ಟು ನೋವೋ ಏನೋ, ಅಲ್ಲಾಡಬೇಡಿ, ಆರಾಮಾಗಿ ಮಲ್ಕೊಳ್ಳಿ" ಅಂತ ಮಾತ್ರ ಹೇಳಬೇಡಿ. ಅವರ ವ್ಯಾಯಾಮದ ಹೊತ್ತಿಗೆ ನೀವು ಹೋಗಿದ್ದರೆ "ನೀವು ಮಾಡಿ, ನಾವು ಹೊರಗೆ ಕೂತಿರ್ತೀವಿ" ಅನ್ನಿ. ಅದಕ್ಕಿಂತ ದೊಡ್ಡ ಉಪಕಾರ ಇಲ್ಲ.

ನನಗೆ ಬಲಗಾಲಿನದು ಆಗಿದೆ, ಎಡಗಾಲಿನದು ಬಾಕಿ ಇದೆ. ಹೈಸ್ಕೂಲಿನಲ್ಲಿ ನಿವೃತ್ತಿಯವರೆಗೂ ನಿಂತು ಪಾಠ ಮಾಡಿದ ಕಾಲುಗಳು. ಈಗ ಶಿವಮೊಗ್ಗದ ಗಾಂಧಿ ಪಾರ್ಕಿನಲ್ಲಿ ಬೆಳಿಗ್ಗೆ ನನ್ನನ್ನು ನೋಡಿದವರು "ಯಾವ ಡಾಕ್ಟ್ರು ಮಾಡಿದ್ದು ಮೇಡಂ?" ಅಂತ ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ. ಆದರೆ "ಮನೆಯಲ್ಲಿ ಅಡುಗೆ ಯಾರು ಮಾಡಿದರು? ವ್ಯಾಯಾಮಕ್ಕೆ ಹೊತ್ತು ಹೇಗೆ ಸಿಕ್ಕಿತು?" ಅಂತ ಈವರೆಗೆ ಒಬ್ಬರೂ ಕೇಳಿಲ್ಲ. ಮಂಡಿ ಸರಿಹೋಗುತ್ತೋ ಇಲ್ಲವೋ ಅನ್ನುವುದು ಬಹುಮಟ್ಟಿಗೆ ನಿಂತಿರುವುದು ಅಲ್ಲೇ. ಅದನ್ನೇ ಬರೆಯಬೇಕು ಅಂತ ಕೂತಿದ್ದೇನೆ.

ಇಡೀ ಮಂಡಿಯನ್ನು ಕಿತ್ತು ಹೊಸದನ್ನು ಕೂರಿಸುತ್ತಾರೆ ಅಂತ ಬಹಳ ಜನ ತಿಳಿದಿದ್ದಾರೆ. ಹಾಗಲ್ಲ, ಹಲ್ಲಿಗೆ ಕ್ಯಾಪ್ ಹಾಕಿದ ಹಾಗೆ ಅದು. ತೊಡೆಮೂಳೆಯ ಕೆಳತುದಿ ಮತ್ತು ಅದರ ಕೆಳಗಿನ ದೊಡ್ಡ ಮೂಳೆಯ ಮೇಲ್ತುದಿ, ಇವೆರಡರಲ್ಲೂ ಸವೆದು ಹಾಳಾದ ಕೆಲವು ಮಿಲಿಮೀಟರ್ ಕತ್ತರಿಸಿ ತೆಗೆದು ಲೋಹದ ಹೊದಿಕೆ ಕೂರಿಸುತ್ತಾರೆ. ಹೆಚ್ಚಾಗಿ ಕೋಬಾಲ್ಟ್ ಕ್ರೋಮಿಯಂ, ಕೆಳಗಿನದು ಕೆಲವೊಮ್ಮೆ ಟೈಟಾನಿಯಂ. ನಡುವೆ ಗಟ್ಟಿ ಪ್ಲಾಸ್ಟಿಕ್ಕಿನ ಒಂದು ತಟ್ಟೆ. ಅಂಟಿಸುವ ಸಿಮೆಂಟು ಆಪರೇಷನ್ ಥಿಯೇಟರಿನಲ್ಲೇ ಗಟ್ಟಿಯಾಗಿಬಿಡುತ್ತದೆ. ಅದಕ್ಕೇ ಅದೇ ದಿನವೋ ಮಾರನೆಯ ದಿನವೋ ವಾಕರ್ ಕೊಟ್ಟು ನಿಲ್ಲಿಸುತ್ತಾರೆ. "ನಿನ್ನೆ ಕೊಯ್ದು ಇವತ್ತು ನಡೆಸ್ತಾರಲ್ಲ, ಇವರಿಗೆ ಕರುಣೆಯೇ ಇಲ್ಲ" ಅಂತ ನಮ್ಮ ಅತ್ತಿಗೆ ಕಣ್ಣೀರು ಹಾಕಿಕೊಂಡರು. ಬೇಗ ಎಬ್ಬಿಸುವುದರಲ್ಲಿ ಕರುಣೆ ಇದೆ. ಮಲಗಿದ್ದಷ್ಟೂ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಹೆಚ್ಚು. ಮಲಗಿದಲ್ಲೇ ಪಾದವನ್ನು ಮೇಲೆ ಕೆಳಗೆ ಆಡಿಸುತ್ತಿರಿ ಅಂತ ಹೇಳುವುದೂ ಅದಕ್ಕೇ.

ಅಂದರೆ ಲೋಹ ಮೊದಲ ದಿನದಿಂದಲೇ ಸಿದ್ಧ. ಸಿದ್ಧವಾಗಬೇಕಾದದ್ದು ಸುತ್ತಲಿನ ಸ್ನಾಯು, ನರ, ಚರ್ಮ. ವರ್ಷಗಟ್ಟಲೆ ನೋವಿಗೆ ಹೆದರಿ ಕುಂಟಿದ್ದರಿಂದ ತೊಡೆಯ ಮುಂಭಾಗದ ಸ್ನಾಯು ಬತ್ತಿಹೋಗಿರುತ್ತದೆ. ಇನ್ನೊಂದು ಕಡೆ, ಕೊಯ್ದ ಜಾಗದ ಒಳಗೆ ಗಾಯ ಮಾಯುವಾಗ ಅಂಟಂಟಾದ ಪೊರೆ ಬೆಳೆಯುತ್ತಾ ಹೋಗುತ್ತದೆ. ಮೊದಲ ವಾರಗಳಲ್ಲಿ ಕಾಲು ಮಡಿಸಿ ಚಾಚಿ ಮಾಡದಿದ್ದರೆ ಅದು ಬಿಗಿದುಕೊಳ್ಳುತ್ತದೆ. ಹಾಗೆ ಬಿಗಿದ ಮಂಡಿಯನ್ನು ಮತ್ತೆ ಅರಿವಳಿಕೆ ಕೊಟ್ಟು ಡಾಕ್ಟರೇ ಬಗ್ಗಿಸಬೇಕಾಗುತ್ತದೆ. ಅದನ್ನೂ ಮೊದಲ ಎರಡು ಮೂರು ತಿಂಗಳ ಒಳಗೆ ಮಾಡಿದರೇ ಫಲ ಹೆಚ್ಚು.

ಇಲ್ಲಿ ದಿಂಬಿನ ವಿಷಯ ಹೇಳಲೇಬೇಕು. ನೋವಿದೆ ಅಂದ ಕೂಡಲೇ ಮನೆಯವರು ಓಡಿಬಂದು ಮಂಡಿಯ ಕೆಳಗೆ ಒಂದು ಮೆತ್ತನೆಯ ದಿಂಬು ಇಡುತ್ತಾರೆ. ಹಾಯೆನಿಸುತ್ತದೆ, ನಿಜ. ಸ್ವಲ್ಪ ಬಗ್ಗಿದ ಸ್ಥಿತಿಯಲ್ಲೇ ಮಂಡಿಗೆ ಆರಾಮ ಜಾಸ್ತಿ. ಆದರೆ ಹಾಗೇ ದಿನಗಟ್ಟಲೆ ಬಿಟ್ಟರೆ ಕಾಲು ಪೂರ್ತಿ ನೆಟ್ಟಗಾಗುವುದೇ ಇಲ್ಲ. ಆಮೇಲೆ ಜೀವನಪೂರ್ತಿ ಕುಂಟು, ತೊಡೆಗೆ ಆಯಾಸ, ಸೊಂಟಕ್ಕೆ ನೋವು. ದಿಂಬು ಇಡಬೇಕಾದದ್ದು ಹಿಮ್ಮಡಿಯ ಕೆಳಗೆ. ಮಂಡಿ ಕೆಳಗೆ ಏನೂ ಇಲ್ಲದೆ ತನ್ನ ಭಾರಕ್ಕೆ ತಾನೇ ನೆಟ್ಟಗಾಗುತ್ತಾ ಬರಬೇಕು. ಹತ್ತು ನಿಮಿಷ ಹಾಗಿಡುವುದರೊಳಗೆ ಹಲ್ಲು ಕಚ್ಚಿಕೊಳ್ಳುವಂತಾಗುತ್ತದೆ. ಎಲ್ಲರೂ "ಎಷ್ಟು ಮಡಿಸ್ತೀರಿ?" ಅಂತಲೇ ಕೇಳುತ್ತಾರೆ. ಕುರ್ಚಿಯಲ್ಲಿ ಸರಿಯಾಗಿ ಕೂರಲು 90 ಡಿಗ್ರಿ ಬೇಕು, ಮೆಟ್ಟಿಲು ಇಳಿಯಲು, ತಗ್ಗಿನ ಸೋಫಾದಿಂದ ಏಳಲು 100ರಿಂದ 110 ಇದ್ದರೆ ಅನುಕೂಲ. ಆದರೆ ನಡಿಗೆ ಚೆನ್ನಾಗಬೇಕಾದರೆ ಮೊದಲು ನೆಟ್ಟಗಾಗಬೇಕು. ನಮ್ಮ ಫಿಸಿಯೋ ಹುಡುಗ ಬಂದ ಕೂಡಲೇ ಹಾಸಿಗೆ ಮತ್ತು ನನ್ನ ಮಂಡಿಯ ನಡುವೆ ತನ್ನ ಕೈ ತೂರಿಸಿ ನೋಡುತ್ತಿದ್ದ. "ಇವತ್ತು ಕೈ ಹೋಗ್ತಾ ಇದೆ ಆಂಟಿ, ಇನ್ನೂ ಒತ್ತಬೇಕು" ಅನ್ನುತ್ತಿದ್ದ. ಅವನ ಕೈ ಒಳಗೆ ಹೋಗದ ದಿನ ಬಂದಾಗ ನನಗೆ ಆದ ಸಂತೋಷ ಅಷ್ಟಿಷ್ಟಲ್ಲ.

ಮಾತ್ರೆಯ ಬಗ್ಗೆಯೂ ಹೆದರಿಸುವವರಿದ್ದಾರೆ. "ನೋವಿನ ಮಾತ್ರೆ ನುಂಗಬೇಡಿ, ಕಿಡ್ನಿ ಹೋಗುತ್ತೆ." ಕಿಡ್ನಿ ತೊಂದರೆ, ಹೊಟ್ಟೆ ಹುಣ್ಣು ಇರುವವರು ಖಂಡಿತ ಡಾಕ್ಟರಿಗೆ ಮೊದಲೇ ಹೇಳಬೇಕು, ಅಂಗಡಿಯಿಂದ ತಾವೇ ತಂದು ನುಂಗಬಾರದು. ಆದರೆ ಡಾಕ್ಟರು ನಮ್ಮನ್ನು ನೋಡಿ ಬರೆದುಕೊಟ್ಟದ್ದನ್ನು ಬಿಟ್ಟು, ನೋವು ತಡೆದುಕೊಳ್ಳುವುದೇ ಧೈರ್ಯ ಅಂತ ಕೂತರೆ ವ್ಯಾಯಾಮ ಆಗುವುದಿಲ್ಲ. ವ್ಯಾಯಾಮಕ್ಕೆ ಅರ್ಧ ಮುಕ್ಕಾಲು ಗಂಟೆ ಮುಂಚೆ ಮಾತ್ರೆ, ಆದ ಮೇಲೆ ಬಟ್ಟೆ ಸುತ್ತಿದ ಐಸ್. ಈ ಕ್ರಮ ನನ್ನನ್ನು ಕಾಪಾಡಿತು.

ಈಗ ಅಡುಗೆಮನೆಗೆ ಬರುತ್ತೇನೆ. ನಮ್ಮಲ್ಲಿ ಮಂಡಿ ಬದಲಾಯಿಸಿಕೊಳ್ಳುವವರಲ್ಲಿ ಹೆಂಗಸರೇ ಹೆಚ್ಚು. ಮನೆಗೆ ಬಂದ ಮೊದಲ ವಾರ ಅವರಿಗೆ ಬಾಣಂತನದಂಥ ಉಪಚಾರ. ಹಾಸಿಗೆಯಿಂದ ಏಳಲೂ ಬಿಡುವುದಿಲ್ಲ. ಹದಿನೈದು ದಿನ ಕಳೆದು ಹೊಲಿಗೆ ಬಿಚ್ಚಿದರೋ ಇಲ್ಲವೋ, ವಾಕರ್ ಹಿಡಿದುಕೊಂಡೇ ಒಲೆ ಮುಂದೆ ನಿಂತಿರುತ್ತಾರೆ. ಯಾರೂ ನಿಲ್ಲು ಅಂತ ಬಲವಂತ ಮಾಡಿರುವುದಿಲ್ಲ. ಬೆಳಿಗ್ಗೆ ಮಗ ಟಿಫಿನ್ ಇಲ್ಲದೆ ಹೊರಡುವುದನ್ನು ನೋಡಲಾಗದೆ ಅವರೇ ಏಳುತ್ತಾರೆ. ಎದ್ದದ್ದನ್ನು ನೋಡಿ ಎಲ್ಲರೂ "ಅಮ್ಮ ಹುಷಾರಾದಳು" ಅಂತ ನೆಮ್ಮದಿಯ ಉಸಿರು ಬಿಡುತ್ತಾರೆ. ಮೊದಲ ವಾರ ಪ್ರೀತಿಯಿಂದ ಮಲಗಿಸಿದ್ದು, ಮೂರನೆಯ ವಾರ ಅಭ್ಯಾಸಬಲದಿಂದ ನಿಲ್ಲಿಸಿದ್ದು, ಎರಡೂ ಸೇರಿ ಮಂಡಿಗೆ ಸಲ್ಲಬೇಕಾದ ಹೊತ್ತನ್ನು ತಿಂದುಬಿಡುತ್ತವೆ.

ಫಿಸಿಯೋ ಸೆಂಟರಿನಲ್ಲಿ ತೀರ್ಥಹಳ್ಳಿ ಕಡೆಯ ಅಡಿಕೆ ತೋಟದ ಮನೆಯ ಒಬ್ಬರು ಪರಿಚಯವಾದರು. ನನಗಿಂತ ಚಿಕ್ಕವರು. ಸುಗ್ಗಿಯಲ್ಲಿ ರಾತ್ರಿ ಹತ್ತರವರೆಗೂ ಮೆಟ್ಟುಗತ್ತಿ ಮುಂದೆ ಕೂತು ಅಡಿಕೆ ಸುಲಿದ ಕಾಲುಗಳು ಅವರವು. "ವ್ಯಾಯಾಮ ಯಾಕೆ, ಬೆಳಗಿಂದ ಮನೆಯೊಳಗೆ ಓಡಾಡ್ತಾನೇ ಇರ್ತೀಯಲ್ಲ, ಅದೇ ಸಾಕು ಅಂತಾರೆ ಮೇಡಂ ನಮ್ಮನೆಯವ್ರು" ಅಂದರು. ಅವರ ಮಂಡಿ ಸಂಜೆ ಹೊತ್ತಿಗೆ ಊದಿ ಕೆಂಪಗೆ ಹೊಳೆಯುತ್ತಿತ್ತು, 70 ಡಿಗ್ರಿಯ ಮೇಲೆ ಮಡಿಯುತ್ತಿರಲಿಲ್ಲ. ಒಲೆಯ ಮುಂದೆ ಗಂಟೆಗಟ್ಟಲೆ ನಿಂತರೆ ನೀರು ತುಂಬಿ ಬಾವು ಬರುತ್ತದೆ. ಸಿಂಕಿನಿಂದ ಸ್ಟೌವಿಗೆ ನಾಲ್ಕು ಹೆಜ್ಜೆ ಹೋದರೆ ಕಾಲು ಪೂರ್ತಿ ಮಡಿಯುವುದೂ ಇಲ್ಲ, ಪೂರ್ತಿ ಚಾಚುವುದೂ ಇಲ್ಲ. ಮಂಡಿಯನ್ನು ಹಾಸಿಗೆಗೆ ಒತ್ತಿ ಹಿಡಿಯುವುದು, ಕಾಲು ನೆಟ್ಟಗಿಟ್ಟು ಎತ್ತುವುದು, ಹಿಮ್ಮಡಿ ಜಾರಿಸಿ ಮಡಿಸುವುದು, ಇವು ಬೇರೆಯೇ ಕೆಲಸ. ಇವಕ್ಕೆ ದಿನಕ್ಕೆ ಎರಡು ಮೂರು ಸಲ, ಪ್ರತಿ ಸಲ ಅರ್ಧ ಗಂಟೆ, ಬಾಗಿಲು ಹಾಕಿಕೊಂಡ ಹೊತ್ತು ಬೇಕು. ಆ ಹೊತ್ತನ್ನು ಹೆಂಗಸು ತನ್ನದು ಅಂತ ಕೇಳುವುದೇ ನಮ್ಮ ಮನೆಗಳಲ್ಲಿ ಕಷ್ಟ.

ಅದೇ ಸೆಂಟರಿಗೆ ಬರುತ್ತಿದ್ದ ಗಂಡಸರ ಪಕ್ಕದಲ್ಲಿ ಹೆಂಡತಿ ಕೂತಿರುತ್ತಿದ್ದರು. "ಇನ್ನೈದು, ಇನ್ನು ನಾಲ್ಕು" ಅಂತ ಎಣಿಸುತ್ತಾ, ಬೆವರು ಒರೆಸುತ್ತಾ, ಮನೆಯಲ್ಲೂ ಬಿಡದೆ ಮಾಡಿಸುತ್ತಿದ್ದರು. ಹೆಂಗಸರು ಹೆಚ್ಚಾಗಿ ಒಬ್ಬರೇ ಬರುತ್ತಿದ್ದರು, ಇಲ್ಲವೇ ಯಾರೋ ಬಿಟ್ಟುಹೋಗಿ ಆಮೇಲೆ ಕರೆದುಕೊಂಡು ಹೋಗುತ್ತಿದ್ದರು. ಆ ತೀರ್ಥಹಳ್ಳಿಯ ತಂಗಿಗೆ ವಾರಕ್ಕೊಮ್ಮೆ ಬಸ್ಸಿನಲ್ಲಿ ಬಂದು ಹೋಗುವುದೇ ದೊಡ್ಡ ಪ್ರಯಾಣ. ಮಳೆ ಹಿಡಿದ ಮೇಲೆ ಅಂಗಳದಲ್ಲಿ ಪಾಚಿ ಕಟ್ಟಿ ನಡೆಯಲೂ ಆಗದೆ ಬರುವುದನ್ನೇ ಬಿಟ್ಟರು. ಅವರ ಮುಖ ನೆನಪಾದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಅಷ್ಟು ಹಣ, ಅಷ್ಟು ನೋವು, ಕೊನೆಗೆ ಮಡಿಯದ ಕಾಲು.

ಹಣ ಅಂದೆ. ವಾಜಪೇಯಿಯವರು ಪ್ರಧಾನಿಯಾಗಿದ್ದಾಗಲೇ 2000ರಲ್ಲಿ ಎಡ ಮಂಡಿ, 2001ರಲ್ಲಿ ಬಲ ಮಂಡಿ ಬದಲಾಯಿಸಿಕೊಂಡರು. ಮುಂಬೈಯ ಬ್ರೀಚ್ ಕ್ಯಾಂಡಿ ಆಸ್ಪತ್ರೆಯಲ್ಲಿ, ನ್ಯೂಯಾರ್ಕಿನಿಂದ ಬಂದ ಡಾ. ಚಿತ್ತರಂಜನ್ ರಾಣಾವತ್ ಮಾಡಿದ್ದು. ಆಗ ನಮ್ಮ ಸ್ಟಾಫ್ ರೂಮಿನಲ್ಲಿ ಇದು ದೊಡ್ಡವರಿಗೆ ಮಾತ್ರ ಎಟುಕುವ ಚಿಕಿತ್ಸೆ ಅನ್ನುವ ಮಾತಿತ್ತು. 2017ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಮಂಡಿ ಇಂಪ್ಲಾಂಟಿನ, ಅಂದರೆ ಒಳಗೆ ಕೂರಿಸುವ ಆ ಲೋಹದ ಭಾಗಗಳ, ಬೆಲೆಗೆ ಮಿತಿ ಹಾಕಿತು. ಅದನ್ನು ಪ್ರಕಟಿಸಿದ ಸಚಿವರು ನಮ್ಮ ಬೆಂಗಳೂರಿನ ಅನಂತಕುಮಾರ್. ಒಂದೂವರೆ ಲಕ್ಷದ ಆಸುಪಾಸಿನಲ್ಲಿದ್ದ ಸಾಮಾನ್ಯ ಕೋಬಾಲ್ಟ್ ಕ್ರೋಮಿಯಂ ಇಂಪ್ಲಾಂಟಿಗೆ ಆಗ ನಿಗದಿಯಾದ ದರ, ಜಿಎಸ್‌ಟಿ ಬಿಟ್ಟು, 54,720 ರೂಪಾಯಿ. ಮಧ್ಯಮ ವರ್ಗದ ಮನೆಗಳಿಗೆ ಅದರಿಂದ ನಿಜವಾಗಿ ಉಪಯೋಗವಾಯಿತು, ನಾನು ಕೃತಜ್ಞಳು. ಆದರೆ ಲೋಹದ ಬೆಲೆಗೆ ಕೊಟ್ಟ ಗಮನವನ್ನು ಆಮೇಲಿನ ಮೂರು ತಿಂಗಳಿಗೆ ಇನ್ನೂ ಯಾರೂ ಕೊಟ್ಟಿಲ್ಲ ಅನ್ನುವುದು ನನ್ನ ದೂರು. ನನ್ನ ಪ್ಯಾಕೇಜಿನಲ್ಲಿ ಆಸ್ಪತ್ರೆಯಲ್ಲಿ ಇರುವಷ್ಟು ದಿನ ಮಾತ್ರ ಫಿಸಿಯೋ ಇತ್ತು. ಮನೆಗೆ ಕಳಿಸುವಾಗ ಚಿತ್ರಗಳಿದ್ದ ಒಂದು ಹಾಳೆ ಕೊಟ್ಟರು. ಆಪರೇಷನ್ ಖರ್ಚಿನೊಳಗೇ ಮೊದಲ ಮೂರು ತಿಂಗಳ ಫಿಸಿಯೋಥೆರಪಿ ಸೇರಬೇಕು. ತಾಲ್ಲೂಕು ಕೇಂದ್ರದಲ್ಲೇ ಅದು ದಿನಾ ಸಿಗುವಂತಾಗಬೇಕು. ವಿಮೆ ಇರುವವರು ಪಾಲಿಸಿ ತೆಗೆದು ನೋಡಿ. ಡಿಸ್ಚಾರ್ಜ್ ಆದ ಮೇಲಿನ 60 ಅಥವಾ 90 ದಿನಗಳ ಖರ್ಚು ಹಲವು ಪಾಲಿಸಿಗಳಲ್ಲಿ ಸೇರಿರುತ್ತದೆ. ಡಾಕ್ಟರು ಬರೆದುಕೊಟ್ಟ ಚೀಟಿ ಮತ್ತು ರಸೀದಿ ಇದ್ದರೆ ಫಿಸಿಯೋ ಹಣವನ್ನೂ ಕೇಳಬಹುದು.

ಇನ್ನು ನಂಜು. ಬೇಳೆ ತಿಂದರೆ ಕೀವಾಗುತ್ತೆ, ಬದನೆಕಾಯಿ ನಂಜು, ಮೊಸರು ಶೀತ ಅಂತ ಗಂಜಿ ಸಾರನ್ನದ ಮೇಲೆ ಇಡುತ್ತಾರೆ. ಮಾಯಬೇಕಾದ ಗಾಯಕ್ಕೆ, ಕಟ್ಟಬೇಕಾದ ಸ್ನಾಯುವಿಗೆ ಪ್ರೋಟೀನ್ ಬೇಕು. ಬೇಳೆ, ಕಾಳು, ಮೊಸರು, ತಿನ್ನುವವರಿಗೆ ಮೊಟ್ಟೆ ಮೀನು, ಎಲ್ಲವೂ ಬೇಕು. ಗಾಯಕ್ಕೆ ಸೋಂಕು ತಗುಲಲು ದಾರಿ ಮಾಡಿಕೊಡುವ ದೊಡ್ಡ ಶತ್ರು ಹತೋಟಿಯಲ್ಲಿಲ್ಲದ ಸಕ್ಕರೆ ಕಾಯಿಲೆ. ಪಥ್ಯ ಮಾಡುವುದಾದರೆ ಅದಕ್ಕೆ ಮಾಡಿ. ಎಣ್ಣೆ ಹಚ್ಚಿ ಮೀನಖಂಡ ತಿಕ್ಕುವುದು ಬೇಡವೇ ಬೇಡ. ಅಲ್ಲಿ ರಕ್ತ ಹೆಪ್ಪುಗಟ್ಟಿದ್ದರೆ ಅಪಾಯ. ಮೀನಖಂಡ ಊದಿ ನೋಯುತ್ತಿದ್ದರೆ, ಗಾಯದಿಂದ ನೀರು ಒಸರುತ್ತಿದ್ದರೆ, ಜ್ವರ ಬಂದರೆ ಬೆಳಗಾಗಲಿ ಅನ್ನದೆ ಡಾಕ್ಟರಿಗೆ ಫೋನ್ ಮಾಡಿ. ಇದ್ದಕ್ಕಿದ್ದಂತೆ ಉಸಿರು ಕಟ್ಟಿದಂತಾದರೆ, ಎದೆ ನೋವು ಬಂದರೆ ಫೋನಿಗೂ ಕಾಯದೆ ನೇರ ಆಸ್ಪತ್ರೆಗೆ.

ಹೆದರಬೇಕಿಲ್ಲದ ಸಂಗತಿಗಳೂ ಇವೆ. ತಿಂಗಳುಗಟ್ಟಲೆ ಮಂಡಿ ಮುಟ್ಟಿದರೆ ಬಿಸಿ ಇರುತ್ತದೆ. ಗಾಯದ ಹೊರಪಕ್ಕದ ಚರ್ಮಕ್ಕೆ ಜೋಮು ಹಿಡಿದ ಹಾಗಿರುತ್ತದೆ, ಕೊಯ್ಯುವಾಗ ಅಲ್ಲಿನ ಸಣ್ಣ ನರ ತುಂಡಾಗುವುದರಿಂದ ಹಾಗೆ. ನಡೆಯುವಾಗ ಟಿಕ್ ಅಂತ ಸದ್ದು. ರಾತ್ರಿ ನಿದ್ದೆ ಬಾರದೆ ಅಳು ಬರುತ್ತದೆ, ಯಾಕಾದರೂ ಮಾಡಿಸಿಕೊಂಡೆನೋ ಅನ್ನಿಸುತ್ತದೆ. ಎರಡನೆಯ ತಿಂಗಳು ದಾಟುವವರೆಗೂ ಅದು ನನ್ನನ್ನು ಬಿಡಲಿಲ್ಲ. ಚೆನ್ನಾಗಿ ನಡೆದ ಆಪರೇಷನ್ನಿನ ನಂತರವೂ ಸುಮಾರು ಐವರಲ್ಲಿ ಒಬ್ಬರಿಗೆ ಪೂರ್ತಿ ತೃಪ್ತಿ ಇರುವುದಿಲ್ಲ ಅಂತ ಅಧ್ಯಯನಗಳು ಹೇಳುತ್ತವೆ. ಇದನ್ನು ಮೊದಲೇ ಹೇಳುವ ಡಾಕ್ಟರನ್ನು ನಾನು ಹೆಚ್ಚು ನಂಬುತ್ತೇನೆ. ಧೈರ್ಯದ ಮಾತೂ ಇದೆ: ದೊಡ್ಡ ದಾಖಲೆಗಳ ಪ್ರಕಾರ ಹೀಗೆ ಹಾಕಿದ ಮಂಡಿಗಳಲ್ಲಿ ಶೇ. 80ಕ್ಕೂ ಹೆಚ್ಚು 25 ವರ್ಷ ಬಾಳುತ್ತವೆ.

ನೆಲದ ಮೇಲೆ ಕೂರುವುದು ಹೋಯಿತು. ಹೊಸ್ತಿಲ ಮುಂದೆ ಕುಕ್ಕರಗಾಲಲ್ಲಿ ಕೂತು ಎಳೆ ರಂಗೋಲಿ ಬಿಡುವುದು ನನಗೆ ಪ್ರಾಣವಾಗಿತ್ತು, ಆ ದುಃಖ ಇದೆ. ಆದರೆ ಮದುವೆ ಮನೆಯಲ್ಲಿ ಟೇಬಲ್ಲಿಗೆ ಕೂತು ಉಂಡವರನ್ನು ಕಂಡು "ಪಂಕ್ತಿಗೆ ಬರಲ್ವಾ?" ಅಂತ ಒತ್ತಾಯಿಸುವುದನ್ನು ನಾವೆಲ್ಲ ಬಿಡಬೇಕು.

ಎಡಗಾಲಿನದನ್ನು ದೀಪಾವಳಿ ಕಳೆದು, ಮಳೆ ನಿಂತು, ರಸ್ತೆ ಒಣಗಿದ ಮೇಲೆ ಅಂತ ಗೊತ್ತುಮಾಡಿದ್ದೇವೆ. ಆಸ್ಪತ್ರೆಯವರು ಕೊಟ್ಟ ಎಸ್ಟಿಮೇಟಿನ ಕೆಳಗೆ ನಮ್ಮ ಯಜಮಾನರು ತಾವೇ ಎರಡು ಸಾಲು ಸೇರಿಸಿದ್ದಾರೆ: ಮೂರು ತಿಂಗಳ ಫಿಸಿಯೋ ಫೀಸು, ಮೂರು ತಿಂಗಳು ಅಡುಗೆಯವರ ಸಂಬಳ. ನಿಮ್ಮ ತಾಯಿಗೋ ಅತ್ತೆಗೋ ತಾರೀಖು ಸಿಕ್ಕಿದ್ದರೆ ನೀವೂ ಆ ಎರಡು ಸಾಲು ಬರೆದುಕೊಳ್ಳಿ. ಅಡುಗೆಯವರನ್ನು ಇಡಲು ಆಗದಿದ್ದರೆ, ಆ ಮೂರು ತಿಂಗಳು ಬೆಳಗಿನ ಟಿಫಿನ್ ಯಾರು ಮಾಡುತ್ತಾರೆ ಅನ್ನುವುದನ್ನು ಅವರು ಆಸ್ಪತ್ರೆಗೆ ಹೋಗುವ ಮುಂಚೆಯೇ, ಅವರ ಎದುರಿಗೇ ತೀರ್ಮಾನ ಮಾಡಿ.