ಒಂದು ಕಡಿಮೆ ಬರುತ್ತಿದೆಯಲ್ಲ!

ಗಾಜಿನ ತೊಟ್ಟಿಯಲ್ಲಿ ಗಿಡ ಬೆಳೆಸಿ ಮೀನು ಸಾಕಹೊರಟವರಿಗೆ ಪಾಚಿಯಿಂದ, ವಿದ್ಯುತ್ ಕಡಿತದಿಂದ, ಬಸವನಹುಳುವಿನಿಂದ ಆಗುವ ತೊಂದರೆಗಳನ್ನು ಅಂಗಡಿಯವರು ಮೊದಲೇ ಹೇಳಿ ಎಚ್ಚರಿಸುತ್ತಾರೆ. ಆದರೆ ನಿವೃತ್ತ ಕ್ಯಾಷಿಯರ್‌ಗಳಿಂದ ಆಗುವ ತೊಂದರೆಯ ಬಗ್ಗೆ ಯಾರೂ ತುಟಿ ಬಿಚ್ಚುವುದಿಲ್ಲ. ನಿನ್ನೆ ಸಂಜೆಯೂ ನಮ್ಮ ಕೆಳಗಿನ ಮನೆಯ ರಾಯರು ಬಂದು, ಕನ್ನಡಕ ಒರೆಸಿಕೊಂಡು, ತೊಟ್ಟಿಯ ಮುಂದೆ ಕುರ್ಚಿ ಎಳೆದುಕೊಂಡು, ಕೊಟ್ಟ ಕಾಫಿ ಆರುವಷ್ಟು ಹೊತ್ತು ಕುಳಿತಿದ್ದು, ಕೊನೆಗೆ “ಒಂದು ಕಡಿಮೆ ಬರುತ್ತಿದೆಯಲ್ಲ!” ಎಂದು ಹೇಳಿ ಎದ್ದುಹೋದರು. ಅವರು ಮನೆಗೆ ಹೋಗಿ ಹಾಸಿಗೆಯ ಮೇಲೆ ಮಲಗಿದರು. ನಾನು ಟಾರ್ಚು ಹಿಡಿದು ಸೋಫಾದ ಪಕ್ಕದಲ್ಲಿ ನೆಲದ ಮೇಲೆ ಮಲಗಿದೆ.

ಒಂದು ಮೀನು ಕಡಿಮೆಯಾದರೆ ಏನು ಮಹಾ ಎಂದು ಕೇಳುವವರು ತೊಟ್ಟಿ ಇಟ್ಟವರಲ್ಲ. ನಮ್ಮ ಮನೆಯಲ್ಲಿರುವ ನಿಯಾನ್ ಟೆಟ್ರಾ ಎಂಬ ಜಾತಿ ಒಂದೂವರೆ ಅಂಗುಲ ಮೀರಿ ಬೆಳೆಯುವುದು ಅಪರೂಪ. ಸತ್ತರೆ ಅದು ಗಿಡಗಳ ಬುಡದಲ್ಲೆಲ್ಲೋ ಸಿಕ್ಕಿಕೊಂಡು ಕೊಳೆಯುತ್ತದೆ, ಕೊಳೆತರೆ ನೀರಿನಲ್ಲಿ ಅಮೋನಿಯಾ ಏರುತ್ತದೆ, ಅಮೋನಿಯಾ ಏರಿದರೆ ಉಳಿದವೂ ಒಂದೊಂದಾಗಿ ಅದೇ ದಾರಿ ಹಿಡಿಯುತ್ತವೆ. ನೀರಿನಿಂದ ಹೊರಕ್ಕೆ ನೆಗೆದಿದ್ದರೆ ಸೋಫಾದ ಅಡಿಯಲ್ಲಿ ಒಣಗಿರುತ್ತದೆ. ಇವೆರಡೂ ಅಲ್ಲದಿದ್ದರೆ ಬಸವನಹುಳುಗಳೂ ಸ್ವಂತ ಬಂಧುಗಳೂ ಸೇರಿ ರಾತ್ರೋರಾತ್ರಿ ಶವಸಂಸ್ಕಾರ ಮುಗಿಸಿ, ಬೆಳಗಾಗುವಷ್ಟರಲ್ಲಿ ಸಾಕ್ಷ್ಯವೇ ಇಲ್ಲದಂತೆ ಮಾಡಿರುತ್ತಾರೆ. ಆದ್ದರಿಂದ ರಾಯರು ಆ ಮಾತನ್ನು ಆಡಿ ಮೆಟ್ಟಿಲಿಳಿದ ಮೇಲೆ, ಕಲ್ಲಿನ ಸಂದು, ಫಿಲ್ಟರಿನ ಬಾಯಿ, ಟಿ.ವಿ. ಸ್ಟ್ಯಾಂಡಿನ ಹಿಂಭಾಗ ಎಲ್ಲವನ್ನೂ ಶೋಧಿಸಿ, ಪರೀಕ್ಷಾ ನಳಿಕೆಯಲ್ಲಿ ತೊಟ್ಟಿಯ ನೀರು ತುಂಬಿ, ಅದಕ್ಕೆ ಅಮೋನಿಯಾ ಪತ್ತೆಹಚ್ಚುವ ದ್ರವದ ಹನಿಗಳನ್ನು ಹಾಕಿ, ಬಣ್ಣ ಹಸಿರಿಗೆ ತಿರುಗದೆ ಹಳದಿಯಾಗಿಯೇ ಉಳಿದಿದೆಯೆಂದು ಖಾತ್ರಿ ಮಾಡಿಕೊಳ್ಳದೆ ನನಗೆ ನಿದ್ದೆ ಹತ್ತುವಂತಿಲ್ಲ.

ರಾಯರದು ಕೆಟ್ಟ ಮನಸ್ಸಲ್ಲ, ಒಳ್ಳೆಯ ಕೈ. ಉಡುಪಿಯಲ್ಲಿ 1925ರಲ್ಲಿ ಹುಟ್ಟಿ, 1928ರಿಂದ ದಿನಕ್ಕೆ ಎರಡಾಣೆಯ ಪಿಗ್ಮಿ ಠೇವಣಿಯನ್ನು ಮನೆಮನೆಯಿಂದ ಕೂಡಿಸಿ ಬೆಳೆದ ಸಿಂಡಿಕೇಟ್ ಬ್ಯಾಂಕಿನಲ್ಲಿ ಅವರು ತಮ್ಮ ಸೇವೆಯ ಬಹುಪಾಲನ್ನು ನಗದು ಕೌಂಟರಿನ ಹಿಂದೆಯೇ ಕಳೆದವರು. ಆ ಬ್ಯಾಂಕು 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು, ರಾಯರು ಅದಕ್ಕೂ ಮೊದಲೇ ನಿವೃತ್ತರಾಗಿದ್ದರು. ಬ್ಯಾಂಕೂ ಹೋಗಿ ಕೌಂಟರೂ ಹೋದ ಮೇಲೆ ಎಣಿಸುವ ಬೆರಳು ಮಾತ್ರ ಉಳಿಯಿತು, ಅದಕ್ಕೆ ನಮ್ಮ ತೊಟ್ಟಿ ಸಿಕ್ಕಿತು.

ತೊಟ್ಟಿ ಬಂದ ದಿನದಿಂದಲೇ ಅವರ ತಪಾಸಣೆ ಆರಂಭವಾಗಿತ್ತು. ಎರಡು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಅಡಿ ಎತ್ತರದ ತೊಟ್ಟಿಯಲ್ಲಿ ಸುಮಾರು 56 ಲೀಟರ್ ನೀರು ಹಿಡಿಯುತ್ತದೆ, ನೀರೊಂದೇ 56 ಕಿಲೋ ತೂಗುತ್ತದೆ, ಮಣ್ಣು, ಕಲ್ಲು, ಗಾಜು ಬೇರೆ ಎಂದು ನಾನು ಉತ್ಸಾಹದಿಂದ ವಿವರಿಸಿದಾಗ ಅವರು ತಮ್ಮ ಮನೆಯ ಛಾವಣಿಯನ್ನು ನೆನೆದು ಒಮ್ಮೆ ಕೆಳಗೆ ನೋಡಿದರು. ಬಳಿಕ ಮರದ ಕೊರಡನ್ನು ಇಟ್ಟು ನೀರು ತುಂಬಿಸಿದಾಗ, ಕೊರಡು ತನ್ನ ಕಸರನ್ನೆಲ್ಲ ಬಿಟ್ಟು, ನೀರು ಎರಡನೆಯ ಸಲ ಇಳಿಸಿದ ಡಿಕಾಕ್ಷನ್ನಿನ ಬಣ್ಣಕ್ಕೆ ಬಂತು. “ಮೀನು ಎಲ್ಲಿ?” ಎಂದರು. ಮೀನು ಈಗಲೇ ಬಿಡುವಂತಿಲ್ಲ, ಅಮೋನಿಯಾವನ್ನು ನೈಟ್ರೈಟನ್ನಾಗಿಯೂ ನೈಟ್ರೈಟನ್ನು ನೈಟ್ರೇಟನ್ನಾಗಿಯೂ ಮಾಡುವ ಬ್ಯಾಕ್ಟೀರಿಯಾಗಳು ಫಿಲ್ಟರಿನಲ್ಲಿ ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು, ಅಲ್ಲಿಯವರೆಗೆ ಕಣ್ಣಿಗೆ ಕಾಣದ ಆ ಜೀವಿಗಳನ್ನೇ ಸಾಕುತ್ತಿದ್ದೇನೆ ಎಂದೆ. ಕಣ್ಣಿಗೆ ಕಾಣದ್ದನ್ನು ಎಣಿಸುವುದು ರಾಯರ ಶಾಖೆಗೆ ಸೇರಿದ ಕೆಲಸವಾಗಿರಲಿಲ್ಲ. ಆದರೂ ಅವರು ಬರುವುದನ್ನು ಬಿಡಲಿಲ್ಲ, ಪ್ರತಿ ಸಂಜೆಯೂ ಖಾಲಿ ನೀರನ್ನು ನೋಡಿ “ಸೊನ್ನೆ” ಎಂದು ಹೇಳಿ ಹೋಗುತ್ತಿದ್ದರು. ನಮ್ಮ ತೊಟ್ಟಿಯ ಲೆಕ್ಕ ತಾಳೆಯಾಗುತ್ತಿದ್ದುದು ಆ ಅವಧಿಯಲ್ಲಿ ಮಾತ್ರ.

ಗಿಡಗಳ ಕಥೆಯನ್ನು ಹೆಚ್ಚು ಬೆಳೆಸುವುದಿಲ್ಲ. ಕ್ರಿಪ್ಟೋಕೋರಿನ್ ಎಂಬ ಗಿಡವನ್ನು ಹೊಸ ಜಾಗಕ್ಕೆ ತಂದರೆ ಅದು ಇದ್ದ ಎಲೆಗಳನ್ನೆಲ್ಲ ಕರಗಿಸಿಕೊಂಡು ವಾರಗಟ್ಟಲೆ ಮುನಿಸಿಕೊಂಡಿದ್ದು, ಮತ್ತೆ ತನ್ನಿಷ್ಟಕ್ಕೆ ಚಿಗುರುತ್ತದೆ. ಅನೂಬಿಯಾಸಿನ ಗಡ್ಡೆಯನ್ನು ಮಣ್ಣಿನಲ್ಲಿ ಹೂಳಿದರೆ ಕೊಳೆಯುತ್ತದೆ, ಆದ್ದರಿಂದ ಅದನ್ನು ದಾರದಿಂದ ಕೊರಡಿಗೆ ಕಟ್ಟಬೇಕು. ರೋಟಾಲಾದ ಕಡ್ಡಿಗಳನ್ನು ಚಿಮಟದಿಂದ ಒಂದೊಂದಾಗಿ ನೆಟ್ಟು ಕೈ ಹೊರತೆಗೆಯುವಷ್ಟರಲ್ಲಿ ಮೊದಲು ನೆಟ್ಟವು ಮೇಲೆ ತೇಲುತ್ತಿರುತ್ತವೆ. ಈ ಕೆಲಸ ನಡೆಯುತ್ತಿದ್ದಾಗ ಸಾಗರದ ಕಡೆಯಿಂದ ಬಂದಿದ್ದ ನನ್ನ ಹೆಂಡತಿಯ ಸೋದರತ್ತೆ, ಅಂಗಡಿಯ ಪ್ಲಾಸ್ಟಿಕ್ ಬಟ್ಟಲಿನಲ್ಲಿದ್ದ ರೋಟಾಲಾವನ್ನು ಎತ್ತಿ ತಿರುಗಿಸಿ ನೋಡಿ, ಬೆಲೆ ಕೇಳಿ ತಿಳಿದುಕೊಂಡು, “ಇಂಥದನ್ನು ನಾವು ಗದ್ದೆಯಲ್ಲಿ ಕೂಲಿ ಕೊಟ್ಟು ಕೀಳಿಸುತ್ತೇವೆ, ನೀವು ದುಡ್ಡು ಕೊಟ್ಟು ನೆಡುತ್ತೀರಿ” ಎಂದರು. ಅವರು ಹೇಳಿದ್ದು ಸುಳ್ಳಲ್ಲ. ರೋಟಾಲಾದ ಹಲವು ಜಾತಿಗಳು ನಮ್ಮ ಭತ್ತದ ಗದ್ದೆಗಳ ಕಳೆಯೇ.

ಯಾವ ಮೀನು ಬಿಡಬೇಕೆಂಬುದರಲ್ಲೂ ಮನೆಯಲ್ಲಿ ಚರ್ಚೆ ನಡೆದಿತ್ತು. ಹಿಂಡಿನಲ್ಲಿ ಈಜುವ ಮೀನೇ ಬೇಕೆಂಬುದರಲ್ಲಿ ಭಿನ್ನಾಭಿಪ್ರಾಯವಿರಲಿಲ್ಲ. ಪಶ್ಚಿಮ ಘಟ್ಟದಲ್ಲಿ ನಮ್ಮ ಬದಿಯ ಹೊಳೆಗಳಲ್ಲೂ ಇದ್ದು, ಹೆಸರನ್ನು ಮಾತ್ರ ನೆರೆಯವರಿಗೆ ಬಿಟ್ಟುಕೊಟ್ಟಿರುವ ‘ಮಿಸ್ ಕೇರಳ’ ಅತ್ಯಂತ ಚೆಲುವಾದ ಮೀನು, ಆದರೆ ನಾಲ್ಕೈದು ಅಂಗುಲ ಬೆಳೆದು ಬಾಣದ ವೇಗದಲ್ಲಿ ಓಡಾಡುವ ಅದಕ್ಕೆ ಎರಡು ಅಡಿ ಎಲ್ಲಿಗೂ ಸಾಲದು. ಪಟ್ಟೆಗಳ ಜೀಬ್ರಾ ಡೇನಿಯೋ ನನ್ನ ಆಯ್ಕೆಯಾಗಿತ್ತು. ಟಿಪ್ಪು ಮಡಿದ ಮರುವರ್ಷ, 1800ರಲ್ಲಿ, ಮೈಸೂರು ಸೀಮೆಯನ್ನು ಊರೂರು ಸುತ್ತಿ ಮನೆ, ಮಗ್ಗ, ಬೆಳೆಗಳ ವಿವರ ಬರೆದುಕೊಂಡ ಫ್ರಾನ್ಸಿಸ್ ಬುಕಾನನ್ನನೇ ಮುಂದೆ ಹ್ಯಾಮಿಲ್ಟನ್ ಎಂಬ ಹೆಸರಿನಲ್ಲಿ, 1822ರಲ್ಲಿ, ಈ ಮೀನನ್ನು ಮೊದಲ ಬಾರಿಗೆ ವಿಜ್ಞಾನಕ್ಕೆ ಪರಿಚಯಿಸಿದವನು. ಎಣಿಸುವವರಿಗೂ ಮೀನಿಗೂ ಹಳೆಯ ನಂಟಿದೆಯೆಂದು ನಾನು ಆಗಲೇ ಅರ್ಥ ಮಾಡಿಕೊಳ್ಳಬಹುದಿತ್ತು. ಮಕ್ಕಳು ಮಾತ್ರ ನೀಲಿ ಗೆರೆ, ಕೆಂಪು ಬಾಲದ ಅಮೆಜಾನ್ ಸೀಮೆಯ ನಿಯಾನ್ ಟೆಟ್ರಾವೇ ಆಗಬೇಕೆಂದು ಹಟ ಹಿಡಿದರು, ಅದೇ ಬಂತು.

ಬಂದದ್ದು ಎಷ್ಟು ಎಂಬಲ್ಲಿಂದಲೇ ಗೊಂದಲ ಆರಂಭ. ರಸೀದಿಯಲ್ಲಿ 15 ಎಂದಿತ್ತು. ಆದರೆ ಅಂಗಡಿಯ ಹುಡುಗ ಬಲೆಯಿಂದ ಚೀಲಕ್ಕೆ ಸುರಿಯುತ್ತಾ “ಒಂದೆರಡು ಜಾಸ್ತಿಯೇ ಹಾಕಿದ್ದೇನೆ ಸಾರ್” ಎಂದಿದ್ದ. ಇದನ್ನು ನಾನು ಔದಾರ್ಯವೆಂದು ಭಾವಿಸಿ ರಾಯರೆದುರು ಹೇಳಿದಾಗ ಅವರ ಮುಖ ಕಪ್ಪಿಟ್ಟಿತು. ಒಂದೋ ಎರಡೋ ಎಂಬುದು ಅವರ ಪ್ರಶ್ನೆ. ಆರಂಭದ ಶಿಲ್ಕೇ ಗೊತ್ತಿಲ್ಲದ ಖಾತೆಯನ್ನು ತೆರೆದವನನ್ನು ಅವರು ಜೀವಮಾನದಲ್ಲಿ ಮೊದಲ ಬಾರಿಗೆ ಕಂಡಿದ್ದರು.

ಅಲ್ಲಿಂದ ಮುಂದೆ ಅವರು ಪ್ರಯೋಗಿಸಿದ ವಿಧಾನಗಳನ್ನು ದಾಖಲಿಸಲೇಬೇಕು. ಮೊದಲಿಗೆ ಅವರು ಹೆಬ್ಬೆರಳನ್ನು ನಾಲಿಗೆಗೆ ತಾಗಿಸಿಕೊಂಡು, ಗಾಜಿಗೆ ಮುಟ್ಟದೆ ಗಾಳಿಯಲ್ಲಿಯೇ ನೋಟು ಮಗುಚುವ ರೀತಿಯಲ್ಲಿ ಒಂದು, ಎರಡು, ಮೂರು ಎಂದು ಎಣಿಸುತ್ತಿದ್ದರು. ಒಂಬತ್ತಕ್ಕೆ ಬರುವಷ್ಟರಲ್ಲಿ ಮೊದಲನೆಯದು ಹತ್ತನೆಯದರ ಜಾಗಕ್ಕೆ ಬಂದು ನಿಂತಿರುತ್ತಿತ್ತು. ಆಮೇಲೆ ಐದೈದರ ಕಟ್ಟು ಮಾಡಿ ಎಣಿಸುವ ಯೋಜನೆ ಹಾಕಿದರು, ಕಟ್ಟಿಗೆ ರಬ್ಬರ್ ಬ್ಯಾಂಡ್ ಹಾಕುವ ಅವಕಾಶವಿಲ್ಲದ್ದರಿಂದ ಅದೂ ನಿಲ್ಲಲಿಲ್ಲ. ಮಗಳ ಮರದ ಅಡಿಕೋಲನ್ನು ತಂದು ಗಾಜಿಗೆ ನೇರವಾಗಿ ಹಿಡಿದು, ಎಡಭಾಗವನ್ನು ನಾನೂ ಬಲಭಾಗವನ್ನು ತಾವೂ ಎಣಿಸಿ ಕೂಡುವುದೆಂದು ತೀರ್ಮಾನಿಸಿದರು, ಮೀನುಗಳು ಅಡಿಕೋಲನ್ನು ಗಡಿಯೆಂದು ಒಪ್ಪಲಿಲ್ಲ. ಆಹಾರ ಹಾಕಿದರೆ ಎಲ್ಲವೂ ಮೇಲೆ ಬಂದು ಒಂದೆಡೆ ಸೇರುತ್ತವೆಯೆಂದು ವಾದಿಸಿ ನನ್ನಿಂದ ಒಂದು ಚಿಟಿಕೆ ಹೆಚ್ಚಿಗೆ ಹಾಕಿಸಿದರು. ಎಲ್ಲವೂ ಬಂದವು, ಆದರೆ ಆ ನೂಕುನುಗ್ಗಲಿನಲ್ಲಿ ಬಾಲ ಯಾವುದರದು, ತಲೆ ಯಾವುದರದು ಎಂದು ತಿಳಿಯುವಂತಿರಲಿಲ್ಲ, ಉಳಿದ ಆಹಾರ ತಳ ಸೇರಿ ಮರುದಿನ ನಾನು ಅದನ್ನು ಕೊಳವೆಯಿಂದ ಹೀರಿ ತೆಗೆಯಬೇಕಾಯಿತು. ಒಂದು ಸಂಜೆ ನನ್ನ ಹೆಂಡತಿಯನ್ನೂ ಕರೆಸಿ ಮೂವರೂ ಏಕಕಾಲದಲ್ಲಿ ಎಣಿಸಿದೆವು. ಅವಳಿಗೆ 15, ನನಗೆ 13, ರಾಯರಿಗೆ 14 ಬಂತು. ಸರಾಸರಿಯೂ 14 ಆಗುತ್ತದೆಯೆಂದು ನಾನು ರಾಜಿಗೆ ಮುಂದಾದೆ. “ನೋಟಿನ ಕಟ್ಟಿಗೆ ಸರಾಸರಿ ತೆಗೆಯುತ್ತಾರೇನ್ರೀ?” ಎಂದು ಅವರು ಕೇಳಿದ ಧ್ವನಿಯಲ್ಲಿ ನನ್ನ ವಿದ್ಯಾಭ್ಯಾಸದ ಬಗ್ಗೆ ಅನುಮಾನವಿತ್ತು.

ಅವರಿಗೆ ನಾನು ಹಿಂಡಿನ ತತ್ತ್ವವನ್ನು ತಿಳಿಸಿ ಹೇಳಲು ಯತ್ನಿಸದೆ ಇರಲಿಲ್ಲ. ಮೀನುಗಳು ಹಿಂಡು ಕಟ್ಟುವುದೇ ಬೇಟೆಗಾರನ ಕಣ್ಣಿಗೆ ಯಾವ ಒಂದೂ ನಿಲ್ಲದಿರಲಿ ಎಂಬುದಕ್ಕಾಗಿ. ಒಂದರ ಮೇಲೆ ಗುರಿಯಿಟ್ಟರೆ ಅದು ಹತ್ತರಲ್ಲಿ ಕರಗಿಹೋಗುತ್ತದೆ, ಮೈಯ ಇಕ್ಕೆಲಗಳಲ್ಲಿರುವ ಸೂಕ್ಷ್ಮ ಗ್ರಾಹಕಗಳ ಸಾಲಿನಿಂದ ನೆರೆಯ ಮೀನಿನ ಚಲನೆಯನ್ನು ನೀರಿನ ಅಲುಗಾಟದಲ್ಲೇ ಗ್ರಹಿಸಿ ಎಲ್ಲವೂ ಕ್ಷಣಾರ್ಧದಲ್ಲಿ ಒಟ್ಟಿಗೆ ತಿರುಗುತ್ತವೆ, ದೊಡ್ಡ ಮೀನುಗಳೂ ಈ ಗೊಂದಲದಲ್ಲಿ ಸೋಲುತ್ತವೆ ಎಂದು ವಿವರಿಸಿದೆ. ಲಕ್ಷಾಂತರ ವರ್ಷಗಳ ವಿಕಾಸ ಎಣಿಸುವವನ ವಿರುದ್ಧವೇ ಕೆಲಸ ಮಾಡಿದೆ ಎಂದೂ ಸೇರಿಸಿದೆ. ರಾಯರು ಪೂರ್ತಿ ಕೇಳಿಸಿಕೊಂಡು, “ಅದೆಲ್ಲ ಸರಿ, ಒಟ್ಟು ಎಷ್ಟಿರಬೇಕು?” ಎಂದರು. ಒಮ್ಮೆ ದೀಪ ಆರಿದ ಮೇಲೆ ಬಂದು, ಕತ್ತಲಲ್ಲಿ ಈ ಮೀನುಗಳ ಬಣ್ಣ ಮಾಸುತ್ತದೆಯೆಂಬುದು ತಿಳಿಯದೆ, “ಎಲ್ಲವೂ ಹೋದವು!” ಎಂದು ಅವರು ಕೂಗಿದ ಕೂಗಿಗೆ ಎದುರುಮನೆಯವರು ಬಾಗಿಲು ತೆರೆದಿದ್ದರು.

ಕಡಿಮೆ ಬಂದ ಸಂಜೆಗಳನ್ನು ನಾನು ಹೇಗೋ ಸಹಿಸಿಕೊಂಡೆ. ಕಳೆದ ವಾರ ಹೆಚ್ಚು ಬಂತು. ರಾಯರು ಎರಡು ಸಲ ಎಣಿಸಿದರು, ಎರಡು ಸಲವೂ 16. ಜಾಸ್ತಿ ಬಂದರೆ ಅವರಿಗೆ ಸಮಾಧಾನವಾದೀತೆಂದು ನಾನು ತಿಳಿದಿದ್ದೆ, ಆದರೆ ಅವರ ಹಣೆಯಲ್ಲಿ ಬೆವರು ಕಾಣಿಸಿಕೊಂಡಿತು. “ಕಡಿಮೆ ಬಂದರೆ ಕೈಯಿಂದ ತುಂಬಿ ಮನೆಗೆ ಹೋಗಬಹುದು. ಹೆಚ್ಚು ಬಂದರೆ ಅದು ಯಾರದೆಂದು ಹೇಳುವುದು?” ಎಂದು ಪಿಸುಗುಟ್ಟಿದರು. ಮರಿ ಹಾಕಿರಬಹುದೇ ಎಂದು ಹೆಂಡತಿ ಕೇಳಿದಳು. ಈ ಜಾತಿ ಮೊಟ್ಟೆಯಿಡುವಂಥದ್ದು, ಅದಕ್ಕೂ ಬಹಳ ಮೆದುವಾದ, ಹುಳಿಯಂಶದ ನೀರು ಬೇಕು, ಇಟ್ಟರೂ ಆ ಮೊಟ್ಟೆಗಳನ್ನು ಹೆತ್ತವರೇ ತಿಂದುಬಿಡುತ್ತಾರೆ, ಒಂದೇ ರಾತ್ರಿಯಲ್ಲಿ ಪೂರ್ಣಗಾತ್ರದ ಮೀನು ಹುಟ್ಟಿಬರುವುದಿಲ್ಲ ಎಂದೆ. ರಾಯರು ಅಂಗಡಿಯ ಹುಡುಗನ ಆ ಒಂದೆರಡನ್ನು ನೆನೆಸಿಕೊಂಡು ಕುರ್ಚಿಯಲ್ಲಿ ಕುಸಿದರು. ಕೊನೆಗೆ ಮಗಳು ರಾಯರ ಭುಜದ ಪಕ್ಕದಲ್ಲಿ ನಿಂತು ನೋಡಿ ರಹಸ್ಯ ಬಯಲು ಮಾಡಿದಳು. ಅಂದು ಅವರು ಕುರ್ಚಿಯನ್ನು ಎಂದಿನ ಜಾಗಕ್ಕಿಂತ ಪಕ್ಕಕ್ಕೆ ಎಳೆದುಕೊಂಡು ತೊಟ್ಟಿಯ ಅಂಚಿಗೆ ನೇರವಾಗಿ ಕುಳಿತಿದ್ದರು, ಮೂಲೆಯಲ್ಲಿ ನಿಂತಿದ್ದ ಒಂದೇ ಮೀನು ಮುಂದಿನ ಗಾಜಿನಿಂದ ಒಮ್ಮೆ, ಪಕ್ಕದ ಗಾಜಿನಿಂದ ಇನ್ನೊಮ್ಮೆ ಕಾಣಿಸಿಕೊಂಡು ಎರಡಾಗಿತ್ತು. ರಾಯರು ತಲೆಯನ್ನು ಆಚೆ ಈಚೆ ಅಲ್ಲಾಡಿಸಿ ಖಾತ್ರಿ ಮಾಡಿಕೊಂಡು, “ಖೋಟಾ” ಎಂದು ಷರಾ ಬರೆದು ಎದ್ದರು. ಬರೆದರು ಎಂದದ್ದು ಅಲಂಕಾರಕ್ಕಲ್ಲ, ಆ ಹೊತ್ತಿಗೆ ಅವರ ಬಳಿ ಇದಕ್ಕೆಂದೇ ಒಂದು ನೋಟ್‌ಬುಕ್ಕು ಇತ್ತು.

ಇಷ್ಟೆಲ್ಲ ಸಿಟ್ಟಿದ್ದರೂ ಅವರಿಗೆ ಬಾಗಿಲು ಹಾಕಲು ನನಗೆ ಆಗುತ್ತಿಲ್ಲ. ಅವರ ಮಗ ಹೊರದೇಶದಲ್ಲಿದ್ದಾನೆ, ಹೆಂಡತಿ ತೀರಿಕೊಂಡಿದ್ದಾರೆ. ಒಂದು ದಿನ ಅವರೇ, “ನನಗೂ ಒಂದು ಕೊಡಿ, ಗಾಜಿನ ಬಾಟಲಿಯಲ್ಲಿ ಇಟ್ಟುಕೊಳ್ಳುತ್ತೇನೆ, ಒಂದಾದರೆ ಎಣಿಸುವ ಕಷ್ಟವೇ ಇಲ್ಲ” ಎಂದರು. ಇದು ಒಂಟಿಯಾಗಿ ಬಾಳುವ ಜಾತಿಯಲ್ಲ, ಕನಿಷ್ಠ ಆರಾದರೂ ಇರಬೇಕು, ಒಂದನ್ನೇ ಇಟ್ಟರೆ ಬಣ್ಣ ಕಳೆದುಕೊಂಡು ಮೂಲೆ ಸೇರುತ್ತದೆ, ಮೇವನ್ನೂ ಬಿಡುತ್ತದೆ ಎಂದು ನಾನು ಪುಸ್ತಕದ ಮಾತನ್ನು ಒಪ್ಪಿಸಿದೆ. ಹೇಳಿ ಮುಗಿಸಿದ ಮೇಲೆ ಹೇಳಬಾರದಿತ್ತು ಅನಿಸಿತು. ರಾಯರು “ಹೌದೇ?” ಎಂದರು, ಸ್ವಲ್ಪ ಹೊತ್ತು ಸುಮ್ಮನಿದ್ದರು, ಆಮೇಲೆ ಹೆಬ್ಬೆರಳನ್ನು ನಾಲಿಗೆಗೆ ತಾಗಿಸಿಕೊಂಡು ಮತ್ತೆ ಮೊದಲಿನಿಂದ ಆರಂಭಿಸಿದರು. ಅಂದು ನಾನೂ ಜೊತೆಗೆ ಕುಳಿತೆ.

ಈ ಸೌಜನ್ಯದ ಫಲವನ್ನು ಈಗ ಉಣ್ಣುತ್ತಿದ್ದೇನೆ. ನಿನ್ನೆಯ ಕೊರತೆಯನ್ನು ರಾಯರು ಮನೆಯಲ್ಲಿ ಯೋಚಿಸಿ, ರಾತ್ರಿಯೇ ಅಪಾರ್ಟ್‌ಮೆಂಟಿನ ವಾಟ್ಸ್ಆ್ಯಪ್ ಗುಂಪಿನಲ್ಲಿ “ಮೇಲಿನ ಮನೆಯ ಮೀನು ಒಂದು ಕಾಣೆಯಾಗಿದೆ, ಕಂಡವರು ತಿಳಿಸುವುದು” ಎಂದು ಪ್ರಕಟಣೆ ಹೊರಡಿಸಿದ್ದಾರೆ. ಮೀನಿನ ಬಗ್ಗೆ ಯಾರೂ ಉತ್ತರಿಸಲಿಲ್ಲ. ಸಂಘದ ಕಾರ್ಯದರ್ಶಿಗಳು ಮಾತ್ರ, ಇಂಥದೊಂದು ತೊಟ್ಟಿ ಇರುವುದೇ ತಮಗೆ ತಿಳಿದಿರಲಿಲ್ಲವೆಂದೂ, ಅದಕ್ಕೆ ಹಾಕುವುದು ಕಾವೇರಿ ನೀರೋ ಟ್ಯಾಂಕರ್ ನೀರೋ ಎಂಬುದನ್ನು ಲಿಖಿತವಾಗಿ ತಿಳಿಸಬೇಕೆಂದೂ ಬರೆದಿದ್ದಾರೆ. ಜೊತೆಗೆ, ಬೆಂಗಳೂರು ಒಣಗಿದ್ದ 2024ರ ಬೇಸಿಗೆಯಲ್ಲಿ ಜಲಮಂಡಳಿಯು ಕುಡಿಯುವ ನೀರನ್ನು ವಾಹನ ತೊಳೆಯಲು, ಕೈತೋಟಕ್ಕೆ, ಕಾರಂಜಿಗೆ ಬಳಸಿದರೆ 5,000 ರೂಪಾಯಿ ದಂಡವೆಂದು ಹೊರಡಿಸಿದ್ದ ಆದೇಶವನ್ನು ನೆನಪಿಸಿದ್ದಾರೆ. ಗಿಡಗಳಿರುವುದರಿಂದ ನಮ್ಮದು ಕೈತೋಟವೇ, ಫಿಲ್ಟರಿನಿಂದ ನೀರು ಧುಮುಕುವುದರಿಂದ ಕಾರಂಜಿಯೇ ಎಂಬುದು ಅವರಿಗೂ ಸ್ಪಷ್ಟವಿದ್ದಂತೆ ಕಾಣುವುದಿಲ್ಲ. ವಾರಕ್ಕೆ ಬದಲಾಯಿಸುವುದು ಕಾಲುಭಾಗ, ಅಂದರೆ ಒಂದು ಬಕೆಟ್ಟಿನೊಳಗೆ ಹಿಡಿಯುವ 14 ಲೀಟರ್, ಅದನ್ನೂ ಚೆಲ್ಲದೆ ಬಾಲ್ಕನಿಯ ಕುಂಡಗಳಿಗೆ ಹಾಕುತ್ತೇನೆ, ಅದರಲ್ಲಿರುವ ನೈಟ್ರೇಟು ಕರಿಬೇವಿಗೆ ಗೊಬ್ಬರವಾಗುತ್ತದೆ ಎಂದು ನಾನು ಬೆಳಿಗ್ಗೆಯೇ ಕುಳಿತು ಉತ್ತರದ ಕರಡು ಸಿದ್ಧಪಡಿಸಿದೆ. ಲೆಕ್ಕಪತ್ರದ ಭಾಷೆ ಸರಿಯಿದೆಯೇ ನೋಡಿಕೊಡಲೆಂದು ಕರಡನ್ನು ಕೆಳಗೆ ಕಳುಹಿಸಿದ್ದೆ. ನೀರು, ತೂಕ, ವಿದ್ಯುತ್ತು ಯಾವುದನ್ನೂ ರಾಯರು ಮುಟ್ಟಿಲ್ಲ. ಮೀನುಗಳ ಸಂಖ್ಯೆಯ ಎದುರು ನಾನು ಬರೆದಿದ್ದ “ಸುಮಾರು 15” ಎಂಬುದರಲ್ಲಿ “ಸುಮಾರು” ಪದವನ್ನು ಕೆಂಪು ಶಾಯಿಯಲ್ಲಿ ಹೊಡೆದುಹಾಕಿ, ಸಂಜೆ ಏಳಕ್ಕೆ ಬರುವುದಾಗಿ ಹೇಳಿ ಕಳುಹಿಸಿದ್ದಾರೆ.